ಬಾಯಿಲೆಕ್ಕ

ಆ ಚಳಿಗಾಲ ತ್ಬಿಲಿಸಿಯಲ್ಲಿ ಕರೆಂಟು
ದಿನಕ್ಕೊಂದು ಗಂಟೆ, ಅದು ಯಾವ ಗಂಟೆಯೆಂದು
ಯಾರಿಗೂ ಗೊತ್ತಿರಲಿಲ್ಲ.
ಟ್ರಾಮುಗಳು ನಿಂತಲ್ಲೇ ನಿಂತು ಹಿಮ ಹೊದ್ದಿದ್ದವು.
ಕೋಟು ಬಿಚ್ಚದೆ ನಾವು ಇಪ್ಪತ್ತಮೂರು ಜನ
ನಾಲ್ಕನೇ ಮಹಡಿಯಲ್ಲಿ
ಸೀಮೆಎಣ್ಣೆ ಸ್ಟೌವಿಗೆ ಮೈಯೊಡ್ಡಿ ಕೂತಿರುತ್ತಿದ್ದೆವು.
ಸ್ಟೌವಿನ ಮೇಲೆ ಕೆಟಲು. ಕೆಟಲಿನಲ್ಲಿ ಬರೀ ನೀರು.

ನಾಜಿಬ್ರೋಲಾ ಕ್ವಿರಿಕಾಡ್ಜೆ
ನದಿಯಾಚೆಯಿಂದ ನಡೆದೇ ಬರುತ್ತಿದ್ದರು,
ಬೆರಳತುದಿ ಕತ್ತರಿಸಿದ ಕೈಗವಸು,
ಕೋಟಿನ ಜೇಬಲ್ಲಿ ರೊಟ್ಟಿ ಸಾಲಿನ ಚೀಟಿ.
ಮೊದಲು ಅವರ ಕೆಮ್ಮು ಮೆಟ್ಟಿಲು ಹತ್ತುತ್ತಿತ್ತು,
ಆಮೇಲೆ ಅವರು.

ಐದು ಗಂಟೆಗೆಲ್ಲ ಕರಿಹಲಗೆ ಕತ್ತಲಿಗೆ ಸೇರಿಹೋಗುತ್ತಿತ್ತು.
ಅವರು ಬರೆಯುವುದು ನಿಲ್ಲಿಸುತ್ತಿರಲಿಲ್ಲ.
ಸೀಮೆಸುಣ್ಣದ ಸದ್ದು ಕೇಳಿ, ಎನ್ನುತ್ತಿದ್ದರು,
ಗೆರೆ ಎಲ್ಲಿ ಬಾಗಿತು? ಎಲ್ಲಿ ಮನಸ್ಸು ಬದಲಿಸಿತು?
ಕಣ್ಣು ಸೋಮಾರಿ,
ಕಂಡದ್ದನ್ನೆಲ್ಲ ತಿಳಿದದ್ದು ಅಂದುಕೊಳ್ಳುತ್ತದೆ.

ಹೀಗೆ ನಾವು ರೇಖಾಗಣಿತವನ್ನು ಕಿವಿಯಲ್ಲಿ ಕಲಿತೆವು.
ಟಕ್ ಎಂದರೆ ಬಿಂದು.
ಒಂದೇ ಉಸಿರಿಗೆ ಎಳೆದ ಕಿರ್ರ್ ಎಂದರೆ ಸ್ಪರ್ಶರೇಖೆ.
ಸುಣ್ಣದ ಕಡ್ಡಿ ಮುರಿದು ಬಿದ್ದರೆ
ಅದನ್ನೂ ಯಾರೋ ಬರೆದುಕೊಂಡಿದ್ದರು.

ಮೃದು ಮನಸ್ಸಿನವರು ಎಂದು ಬರೆಯಲಾರೆ,
ಬರೆದರೆ ಕನಸಿಗೆ ಬಂದು ಕೆಂಪು ಗೆರೆ ಎಳೆದಾರು.
ಮೌಖಿಕ ಪರೀಕ್ಷೆಯಲ್ಲಿ ನನಗೆ ಹೇಳಿದ್ದು:
ಉತ್ತರ ಸರಿ. ಹೇಗೆ ಬಂತು?
ಮಾಲ್ಖಾಜನ ನೋಟುಬುಕ್ಕಿನಿಂದ ಬಂದಿತ್ತು.
ನಾನು ಬೂಟು ನೋಡಿಕೊಂಡೆ.
ಹಾಗಾದರೆ ಇದು ಸಾಲದ್ದು. ಹೋಗು,
ಸ್ವಂತದ್ದೊಂದು ತಪ್ಪು ಮಾಡಿಕೊಂಡು ಬಾ.

ನಾಲ್ಕು ಮಹಡಿ ಇಳಿಯುವಷ್ಟೂ ಹೊತ್ತು ಬೈದುಕೊಂಡೆ.
ವಾರ ಕಳೆದು ಹೋದೆ, ಒಂಬತ್ತು ಪುಟದ ತಪ್ಪು ಹಿಡಿದು.
ಮೊಂಬತ್ತಿ ಮುಗಿಯುವವರೆಗೆ ಓದಿದರು.
ಆಮೇಲೆ ಕತ್ತಲಲ್ಲಿ: ಹ್ಞಾ, ಇದು ನಿನ್ನದೇ.
ಇನ್ನು ಕೆಲಸ ಶುರು ಮಾಡಬಹುದು.

ಹಾಜರಿಯೂ ಬಾಯಲ್ಲೇ, ಪಟ್ಟಿ ಕಾಣುತ್ತಿರಲಿಲ್ಲವಲ್ಲ.
ಹೆಸರು ಕರೆಯುವರು, ಮೂಲೆಯಿಂದೊಂದು ದನಿ:
ಅಕ್ ವಾರ್, ಇದ್ದೇನೆ.
ಮಾಲ್ಖಾಜ್ ಶರತ್ಕಾಲದಲ್ಲೇ ಸಮುದ್ರದ ಕಡೆಯ ಯುದ್ಧಕ್ಕೆ ಹೋಗಿದ್ದ.
ಡಿಸೆಂಬರಿನಲ್ಲಿ ಸುದ್ದಿ ಬಂತು.
ಆದರೂ ಅವನ ಹೆಸರು ಕರೆದರು.
ಒಂದು ಉಸಿರಿನಷ್ಟು ಕಾದರು. ಮುಂದಿನ ಹೆಸರಿಗೆ ಹೋದರು.
ಮೇಡಂ, ಅವನು... ಎಂದು ಯಾರೋ ಎದ್ದಾಗ
ಗೊತ್ತು, ಕೂತುಕೋ, ಎಂದರು.
ವಸಂತ ಮುಗಿಯುವವರೆಗೂ ಪ್ರತಿದಿನ ಅದೇ ಒಂದು ಉಸಿರು.

ಈಗ ನನ್ನ ಕೆಲಸ ಬೆಟ್ಟದ ಹೊಟ್ಟೆಯೊಳಗೆ.
ಸುರಂಗವನ್ನು ಎರಡು ಕಡೆಯಿಂದ ಕೊರೆಯುತ್ತ ಬರುತ್ತಾರೆ,
ನಡುವೆ ಎಲ್ಲಿ ಸೇರಬೇಕೆಂದು ನಾನು ಹೇಳಬೇಕು.
ಹೋದ ತಿಂಗಳು, ತರಬೇತಿಗೆ ಬಂದ ಏಳು ಹುಡುಗರು ಜೊತೆಗಿದ್ದಾಗ,
ಜನರೇಟರು ಕೆಮ್ಮಿ ಸತ್ತಿತು.
ಏಳು ಮೊಬೈಲು ಒಟ್ಟಿಗೆ ಬೆಳಗಿದವು.
ಆರಿಸಿ ಅವನ್ನು, ಎಂದೆ.
ಬೆಚ್ಚಿಬಿದ್ದವನು ನಾನೇ, ಆ ದನಿ ನನ್ನದಾಗಿರಲಿಲ್ಲ.
ನೆಗಡಿಯಿಲ್ಲದೆಯೂ ಕೊನೆಗೊಂದು ಸಣ್ಣ ಕೆಮ್ಮು ಬಂತು.

ಗೋಡೆಗೆ ಅಂಗೈ ಇಡಿ. ನಡೆಯಿರಿ. ಎತ್ತ ಬಾಗುತ್ತಿದೆ?
ಎಡಕ್ಕೆ, ಎಂದಳು ಎತೇರಿ.
ಬಲಕ್ಕಿತ್ತು.
ಈ ತಪ್ಪು ಯಾರದು?
ಸ್ವಲ್ಪ ಹೊತ್ತು ನೀರು ತೊಟ್ಟಿಕ್ಕುವ ಸದ್ದು ಮಾತ್ರ.
ನನ್ನದೇ, ಎಂದಳು, ಸಿಟ್ಟಿನಿಂದ.
ಆ ಸಿಟ್ಟು ನನಗೆ ಪರಿಚಿತ. ನಾಲ್ಕು ಮಹಡಿಯಷ್ಟು ಉದ್ದದ್ದು.

ಆಮೇಲೆ ಎಲ್ಲರೂ ಇದ್ದಾರೆಯೇ ಎಂದು ಹೆಸರು ಕರೆದೆ.
ಒಬ್ಬೊಬ್ಬರಾಗಿ ಕಲ್ಲಿನೊಳಗಿಂದ ಹೇಳಿದರು, ಇದ್ದೇನೆ.
ಏಳೂ ಮುಗಿಯಿತು.
ಆದರೂ ನಾನು ಅಲುಗಲಿಲ್ಲ,
ಒಂದು ಉಸಿರಿನಷ್ಟು ಕಾದು ನಿಂತೆ.
ಇವರಿಗೆ ಲೆಕ್ಕ ತಪ್ಪಿತು
ಎಂದುಕೊಂಡಿರಬೇಕು ಹುಡುಗರು.